ಪುಟ ಕಟ್ಟುವ ಮೊದಲು

ಕನ್ನಡದಲ್ಲಿ ಸ್ವತಂತ್ರವಾಗಿ ಪುಸ್ತಕ ತಿದ್ದುವವರಿಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಥರ: ‘ಡಿಟಿಪಿ ಆಗಿದೆ, ಬಿಡುಗಡೆ ಮುಂದಿನ ತಿಂಗಳು, ಒಮ್ಮೆ ಪ್ರೂಫ್ ನೋಡಿಕೊಟ್ಟರೆ ಸಾಕು.’ (ಡಿಟಿಪಿ ಎಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು.) ಫೈಲು ತೆರೆದರೆ ಮೂರನೆಯ ಅಧ್ಯಾಯ ಮೊದಲನೆಯದನ್ನೇ ಮತ್ತೆ ಹೇಳುತ್ತಿರುತ್ತದೆ. ನಾಯಕಿಯ ತಮ್ಮ ಎರಡು ವರ್ಷದ ಕತೆಯಲ್ಲಿ ಐದು ವರ್ಷ ದೊಡ್ಡವನಾಗಿರುತ್ತಾನೆ. ಇದನ್ನೆಲ್ಲ ಕಟ್ಟಿದ ಪುಟದ ಮೇಲೆ ಸರಿಮಾಡಲು ಹೊರಟರೆ ಒಂದು ಪದ ಸೇರಿಸಿದಾಗ ಸಾಲು ಜಾರುತ್ತದೆ, ಸಾಲು ಜಾರಿದಾಗ ಅಧ್ಯಾಯದ ಕೊನೆಯ ಎರಡು ಸಾಲು ಹೊಸ ಪುಟಕ್ಕೆ ಬೀಳುತ್ತವೆ, ಪರಿವಿಡಿಯ ಅಂಕಿಗಳು ಸುಳ್ಳಾಗುತ್ತವೆ. ಡಿಟಿಪಿ ಮಾಡುವವರು ಬೇಸತ್ತು ನಾಲ್ಕು ತಿದ್ದುಪಡಿಗಳಲ್ಲಿ ಒಂದನ್ನು ಬಿಟ್ಟುಬಿಡುತ್ತಾರೆ. ಅಚ್ಚಾದ ಪುಸ್ತಕದಲ್ಲಿ ಕಾಣುವ ತಪ್ಪುಗಳಲ್ಲಿ ಬಹಳಷ್ಟು ಯಾರೂ ಕಾಣದೆ ಉಳಿದವಲ್ಲ, ಕಂಡರೂ ಹೊತ್ತು ಮೀರಿದ್ದರಿಂದ ಉಳಿದವು.

ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಮೂರಾಗಿ ಒಡೆದು ಹೇಳಬೇಕು. ಮೊದಲನೆಯದು ಹಸ್ತಪ್ರತಿಯ ಪರಿಷ್ಕರಣೆ: ಯಾವ ಭಾಗ ಬೇಕು, ಯಾವುದು ಬೇಡ, ಯಾವುದು ಎಲ್ಲಿ ಬರಬೇಕು, ಕಾಲ ಮತ್ತು ವಯಸ್ಸು ತಾಳೆಯಾಗುತ್ತವೆಯೇ. ಎರಡನೆಯದು ಭಾಷಾ ತಿದ್ದುಪಡಿ, ಅಂದರೆ ವಾಕ್ಯ, ಪದ, ಕಾಗುಣಿತ. ಮೂರನೆಯದು ಕರಡು, ಅಂದರೆ ಪ್ರೂಫ್, ತಿದ್ದುವುದು. ಪುಟ ಕಟ್ಟಿದ ಮೇಲೆ ಮಾಡುವ ಕೆಲಸ ಇದೊಂದೇ. ಮೊದಲೆರಡೂ ವರ್ಡ್ ಅಥವಾ ಗೂಗಲ್ ಡಾಕ್ಸ್ ಫೈಲಿನಲ್ಲಿ, ತಿದ್ದಿದ್ದೆಲ್ಲ ಗುರುತಾಗಿ ಕಾಣುವಂತೆ ಟ್ರ್ಯಾಕ್ ಚೇಂಜಸ್ ಹಾಕಿಕೊಂಡು, ಪುಟವಿನ್ಯಾಸಕ್ಕೆ ಹೋಗುವ ಮೊದಲೇ ಮುಗಿಯಬೇಕು. ಈ ಕ್ರಮ ಹೊಸದೂ ಅಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಸಲಹೆಗಾರರಾಗಿ ಕೂತು ಹಸ್ತಪ್ರತಿಯನ್ನೇ ಓದುತ್ತಿದ್ದರು. ಇಂದು ಅಂಥ ಓದುಗರನ್ನು ಇಟ್ಟುಕೊಳ್ಳುವ ಶಕ್ತಿ ಹೆಚ್ಚಿನ ಸಣ್ಣ ಪ್ರಕಾಶನಗಳಿಗೆ ಇಲ್ಲ. ಆ ಜಾಗವನ್ನು ಈಗ ತುಂಬುತ್ತಿರುವವರು ಮನೆಯಲ್ಲಿ ಕೂತು ದುಡಿಯುವ ನಾವು, ನೀವು.

ಮೊದಲ ತೊಡಕು ಫೈಲಿನದು. ಹಿರಿಯ ಲೇಖಕರಲ್ಲಿ ಅನೇಕರು ಇಂದಿಗೂ ನುಡಿ 01 ಇ, ಬರಹದ ಹಳೆಯ ಫಾಂಟುಗಳು, ಶ್ರೀಲಿಪಿ ಇವುಗಳಲ್ಲೇ ಬೆರಳಚ್ಚು ಮಾಡಿಸುತ್ತಾರೆ. ಅವು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ವ್ಯವಸ್ಥೆ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕಾಣುವುದು ಕನ್ನಡದ ರೂಪ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದಾಗ ಕೆಲವು ತಪ್ಪುಗಳು ಖಚಿತವಾಗಿ ಬರುತ್ತವೆ, ಅವು ಯಾವುವೆಂದು ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ. ಪಠ್ಯದ ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಹಾಗಾಗಿ ಪರಿವರ್ತನೆಗೆ ಮೊದಲು ಮೂಲದ ಒಂದು ಪಿಡಿಎಫ್ ತೆಗೆದಿಟ್ಟುಕೊಳ್ಳಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ‘ಸೂರ್ಯ’, ‘ಕರ್ತೃ’, ‘ಸಾಮರ್ಥ್ಯ’ದಂಥ ಪದಗಳು ಮುರಿಯುವುದುಂಟು. ‘ಸಾಫ್ಟ್‌ವೇರ್’, ‘ಆಫೀಸ್‌ನಲ್ಲಿ’ ಎಂಬ ಕಡೆ ಅಕ್ಷರಗಳನ್ನು ಬಿಡಿಸಿಡುವ, ಕಣ್ಣಿಗೆ ಕಾಣದ ಚಿಹ್ನೆ ಕಳೆದುಹೋದರೆ ‘ಸಾಫ್ಟ್ವೇರ್’, ‘ಆಫೀಸ್ನಲ್ಲಿ’ ಎಂದು ಒತ್ತಕ್ಷರ ಗಂಟುಬೀಳುತ್ತದೆ.

ಇವೆಲ್ಲಕ್ಕಿಂತ ಕಪಟಿ ತಪ್ಪು ಸೊನ್ನೆಯದು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿ ‘ಸ೦ಜೆ’ ಎಂದು ಬರೆದರೆ ಕಣ್ಣಿಗೆ ‘ಸಂಜೆ’ಯೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ, ಇ-ಪುಸ್ತಕ ಮಾಡಿದಾಗ ಪದ ಒಡೆಯುತ್ತದೆ. ಪುಸ್ತಕದಲ್ಲಿ 1, 2, 3 ಅಂಕಿಗಳನ್ನೇ ಬಳಸಿದ್ದರೆ ಎಲ್ಲ ಕನ್ನಡ ಸೊನ್ನೆಗಳನ್ನೂ ಒಂದೇ ಸಲ ಅನುಸ್ವಾರ ಮಾಡಬಹುದು. ಕನ್ನಡ ಅಂಕಿಗಳಿದ್ದರೆ ಅವನ್ನು ಬಿಟ್ಟು, ಅಕ್ಷರದ ನಂತರ ಬಂದ ಸೊನ್ನೆಯನ್ನು ಮಾತ್ರ ಬದಲಿಸಬೇಕು.

‘ಹುಡುಕಿ ಬದಲಿಸು’ ಎಂಬ ಸೌಲಭ್ಯದ ಬಗ್ಗೆ ಇಲ್ಲೇ ಒಂದು ಮಾತು. ಲೇಖಕರು ಕೊನೆಯ ಗಳಿಗೆಯಲ್ಲಿ ಪಾತ್ರದ ಹೆಸರು ಬದಲಿಸುವುದು ಸಾಮಾನ್ಯ. ‘ರಾಮ’ನನ್ನು ‘ಸೋಮ’ ಮಾಡಿ ಎನ್ನುತ್ತಾರೆ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿದರೆ ‘ಆರಾಮ’ವು ‘ಆಸೋಮ’ ಆಗುತ್ತದೆ, ‘ವಿರಾಮ’ ‘ವಿಸೋಮ’ ಆಗುತ್ತದೆ. ‘ಗ್ರಾಮ’ದಲ್ಲಿ ಒತ್ತಾಗಿ ಕಾಣುವ ರಕಾರ ಕೂಡ ಯೂನಿಕೋಡಿಗೆ ರಕಾರವೇ ಆದ್ದರಿಂದ ಅದೂ ‘ಗ್ಸೋಮ’ ಆಗಿ ಕೂರುತ್ತದೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ ‘ಇಡೀ ಪದ ಮಾತ್ರ’ ಎಂಬ ಆಯ್ಕೆಯೂ ಪೂರ್ತಿ ನೆರವಾಗದು. ‘ರಾಮನಿಗೆ’, ‘ರಾಮನೂ’, ‘ರಾಮನಲ್ವಾ’ ಎಲ್ಲ ಅದಕ್ಕೆ ಬೇರೆ ಪದಗಳೇ. ಒಂದೊಂದಾಗಿ ನೋಡುತ್ತ ಬದಲಿಸುವುದೇ ದಾರಿ. ಕಾಗುಣಿತ ಪರೀಕ್ಷಕಗಳು ಸರಿಯಾದ ಪದಕ್ಕೂ ಕೆಂಪು ಗೆರೆ ಎಳೆಯುವುದಕ್ಕೆ ಕಾರಣ ಕೂಡ ಇದೇ: ಒಂದು ನಾಮಪದಕ್ಕೆ ವಿಭಕ್ತಿ, ಸಂಧಿ, ಅವಧಾರಣೆ ಸೇರಿ ಹುಟ್ಟುವ ರೂಪಗಳೆಲ್ಲ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಫೈಲು ಶುದ್ಧವಾದ ಮೇಲೆ, ಒಂದಕ್ಷರ ತಿದ್ದುವ ಮೊದಲು, ಪುಸ್ತಕವನ್ನು ಪೂರ್ತಿ ಓದಬೇಕು. ಓದುತ್ತಲೇ ಒಂದು ಶೈಲಿ ಪಟ್ಟಿ ಬರೆದುಕೊಳ್ಳಬೇಕು. ಎರಡು ರೂಪಗಳಿರುವ ಪದಗಳಲ್ಲಿ ಈ ಪುಸ್ತಕಕ್ಕೆ ಯಾವುದು ಎಂಬ ತೀರ್ಮಾನ ಅದರಲ್ಲಿರುತ್ತದೆ: ತತ್ವವೋ ತತ್ತ್ವವೋ, ಮಹತ್ವವೋ ಮಹತ್ತ್ವವೋ, ಇಂಗ್ಲಿಷೋ ಇಂಗ್ಲೀಷೋ, ‘ಹೋಟೆಲ್‌ಗೆ’ಯೋ ‘ಹೋಟೆಲಿಗೆ’ಯೋ, ಸಂಖ್ಯೆ ಅಕ್ಷರದಲ್ಲೋ ಅಂಕಿಯಲ್ಲೋ, ಮಾತಿಗೆ ಒಂಟಿ ಉದ್ಧರಣ ಚಿಹ್ನೆಯೋ ಜೋಡಿಯೋ. ಊರು ಮತ್ತು ವ್ಯಕ್ತಿಗಳ ಹೆಸರು, ಪಾತ್ರಗಳ ವಯಸ್ಸು, ನಂಟು ಕೂಡ ಇಲ್ಲೇ. ಎರಡು ಪುಟ ಮೀರದ ಈ ಪಟ್ಟಿಯನ್ನು ಲೇಖಕರಿಗೆ ಕಳಿಸಿ ಒಪ್ಪಿಗೆ ಪಡೆದುಬಿಟ್ಟರೆ ಆಮೇಲಿನ ಜಗಳಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಆಯ್ಕೆಯ ಪ್ರಶ್ನೆಯೇ ಇಲ್ಲದ ತಪ್ಪುಗಳು ಬೇರೆ. ಅದ್ಬುತ, ವಿಧ್ಯಾರ್ಥಿ, ವಿಮರ್ಷೆ, ಕವಿಯತ್ರಿ, ಎಂಬುವುದು, ಹಾಗು ಇವನ್ನು ಕಂಡಲ್ಲಿ ಸರಿಮಾಡಬೇಕು. ‘ಪ್ರಾಧಾನ್ಯ’ವೇ ಭಾವನಾಮ, ಅದಕ್ಕೆ ಮತ್ತೆ ‘ತೆ’ ಹಚ್ಚುವುದು ಬೇಡ. ದ–ಧ, ಡ–ಢ, ಬ–ಭ, ಪ–ಫ ಜೋಡಿಗಳಲ್ಲಿ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ, ವೇಗವಾಗಿ ಓದುವ ಕಣ್ಣು ಅದನ್ನು ಹಾರಿಸುತ್ತದೆ. ಹಕಾರ ಅಕಾರಗಳ ಅದಲುಬದಲು ಇನ್ನೂ ಅಪಾಯ: ‘ಆದರದ ಸ್ವಾಗತ’ದ ಮೊದಲ ಅಕ್ಷರ ತಪ್ಪಿದರೆ ಅರ್ಥವೇ ಅವಮಾನವಾಗುತ್ತದೆ. ವಾಕ್ಯದ ಮಟ್ಟದಲ್ಲಿ ನಾನು ಮೊದಲು ಹುಡುಕುವುದು ‘ಮಾಡುವಂತಹ’, ‘ಬಂದಂತಹ’ ಎಂಬ ಬಾಲಗಳನ್ನು. ಭಾಷಣದಿಂದ ಬರಹಕ್ಕೆ ಬಂದ ಚಾಳಿ ಅದು. ‘ಮಾಡುವ’, ‘ಬಂದ’ ಎಂದರೆ ಏನೂ ಕಳೆಯುವುದಿಲ್ಲ. ಅನಂತರ ‘ಇವರಿಂದ ರಚಿಸಲ್ಪಟ್ಟ’ ಎಂಬಂಥ ಕರ್ಮಣಿ ಪ್ರಯೋಗಗಳು. ‘ಇವರು ಬರೆದ’ ಎಂದರೆ ಮುಗಿಯಿತು.

ಆಡುನುಡಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಧಾರವಾಡದ ಕತೆಯಲ್ಲಿ ಒಂದೇ ಪಾತ್ರ ಒಂದು ಪುಟದಲ್ಲಿ ‘ಬಂದೈತಿ’, ಇನ್ನೊಂದರಲ್ಲಿ ‘ಬಂದದ’, ಮತ್ತೊಂದರಲ್ಲಿ ‘ಬಂದಿದೆ’ ಅನ್ನುತ್ತಿದ್ದರೆ ಅದು ತಪ್ಪೋ ಉದ್ದೇಶವೋ ಎಂದು ಲೇಖಕರನ್ನು ಕೇಳಿಯೇ ಮುಂದುವರಿಯಬೇಕು. ‘ಐತಿ’ ಮತ್ತು ‘ಅದ’ ಬರೀ ಉಚ್ಚಾರದ ಭೇದಗಳಲ್ಲ, ಆ ಸೀಮೆಯಲ್ಲಿ ಅವು ಮಾತಾಡುವವರ ಮನೆತನವನ್ನು ಹೇಳುತ್ತವೆ. ಕಲಬುರಗಿ, ಬೀದರದ ಕಡೆ ಹೋದರೆ ‘ಅದ’ವೇ ಎಲ್ಲರ ಮಾತು. ಸಿಟ್ಟು ಬಂದಾಗ ಅಥವಾ ಸಾಹೇಬರ ಮುಂದೆ ನಿಂತಾಗ ಪಾತ್ರ ನುಡಿ ಬದಲಿಸುವುದೂ ಸಹಜ, ಅದನ್ನು ತಿದ್ದಿದರೆ ಕತೆ ಕೆಡುತ್ತದೆ. ಬರೆಯುವ ರೂಪವನ್ನಂತೂ ಒಂದಕ್ಕೆ ನಿಲ್ಲಿಸಬೇಕು: ‘ಮನ್ಯಾಗ’, ‘ಮನಿಯಾಗ’, ‘ಮನೆಯಾಗ’ ಮೂರೂ ಒಂದೇ ಪಾತ್ರದ ಬಾಯಲ್ಲಿ ಬೇಡ. ನಂಟಿನ ಪದಗಳನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಿ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ತಾಯಿ ‘ಅವ್ವ’, ಅಜ್ಜಿ ‘ಅಮ್ಮ’. ಉತ್ತರ ಕನ್ನಡದ ಹವ್ಯಕರ ಮನೆಯಲ್ಲಿ ‘ಆಯಿ’ ಎಂದರೆ ತಾಯಿ. ಬೆಂಗಳೂರಿನ ಕಿವಿಯಿಂದ ಇವನ್ನು ‘ಸರಿ’ ಮಾಡಿದ ಪುಸ್ತಕಗಳಲ್ಲಿ ಅಜ್ಜಿ ಸತ್ತ ಮೇಲೂ ಅಡುಗೆಮನೆಯಲ್ಲಿ ಓಡಾಡುತ್ತಾಳೆ.

ಇನ್ನು ಪುಟಗಳ ಲೆಕ್ಕ. ನಮ್ಮಲ್ಲಿ ಕತೆ, ಕಾದಂಬರಿ, ಪ್ರಬಂಧಗಳಿಗೆ 1/8 ಡೆಮಿ ರೂಢಿ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. 12 ಪಾಯಿಂಟಿನ ಅಕ್ಷರದಲ್ಲಿ ಒಂದು ತುಂಬಿದ ಪುಟಕ್ಕೆ 220 ಪದಗಳ ಆಸುಪಾಸು ಹಿಡಿಸುತ್ತದೆ, ಅಲ್ಲಿಗೆ 200 ಪುಟದ ಪುಸ್ತಕವೆಂದರೆ 44,000 ಪದ. ಆಫ್‌ಸೆಟ್ ಮುದ್ರಣ 16 ಪುಟಗಳ ಫಾರಂ ಲೆಕ್ಕದಲ್ಲಿ ನಡೆಯುತ್ತದೆ. ಒಂಬತ್ತು ಫಾರಂ ಎಂದರೆ 144 ಪುಟ. ನಿಮ್ಮ ಪುಸ್ತಕ 146ಕ್ಕೆ ಬಂದು ನಿಂತರೆ ಆ ಎರಡು ಪುಟಕ್ಕಾಗಿ ಅರ್ಧ ಫಾರಂ ಸೇರಿಸಬೇಕಾಗುತ್ತದೆ, ಇಲ್ಲವೇ ಎಲ್ಲಾದರೂ ಎರಡು ಪುಟ ಇಳಿಸಬೇಕು. ಇಳಿಸುವ ಕೆಲಸವನ್ನು ಡಿಟಿಪಿಯವರ ಕೈಗೆ ಬಿಟ್ಟರೆ ಅವರು ಸಾಲುಗಳ ನಡುವಿನ ಜಾಗ ಬಿಗಿಮಾಡುತ್ತಾರೆ, ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ಗುಣಿತದ ಮೇಲೆ ಕೂರುತ್ತದೆ. ಅದಕ್ಕಿಂತ ಅಧ್ಯಾಯದ ಕೊನೆಯ ತುಂಡು ಸಾಲುಗಳಿರುವ ಪುಟಗಳನ್ನು ಹುಡುಕಿ, ಅಲ್ಲಿನ ಪಠ್ಯದಲ್ಲೇ ಏಳೆಂಟು ಪದ ಕಡಿಮೆಮಾಡುವುದು ವಾಸಿ. ಡಿಜಿಟಲ್ ಮುದ್ರಣದಲ್ಲಿ ಈ ಕಟ್ಟು ಅಷ್ಟಿಲ್ಲ.

ಇನ್‌ಡಿಸೈನಿನಲ್ಲಿ ಪುಟ ಕಟ್ಟುವುದಾದರೆ ಅಡೋಬಿಯ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಲು ಹೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಹಳೆಯ ಪೇಜ್‌ಮೇಕರಿನಲ್ಲಾದರೆ ಪದ ಎಲ್ಲೆಂದರಲ್ಲಿ ಮುರಿಯುವುದನ್ನು ಪ್ರತಿ ಸಾಲಿನ ಕೊನೆಯಲ್ಲೂ ನೋಡಬೇಕು.

ಮೊದಲ ಕರಡನ್ನು ಕಾಗದದ ಮೇಲೆ ತೆಗೆದು, ಸಾಲಿನ ಕೆಳಗೆ ಸ್ಕೇಲು ಇಟ್ಟು, ಸಣ್ಣ ದನಿಯಲ್ಲಿ ಓದಬೇಕು. ತಿದ್ದುಪಡಿಯ ಪಟ್ಟಿಯಲ್ಲಿ ‘ಪು. 47, ಮೇಲಿನಿಂದ 12ನೇ ಸಾಲು, ಇರುವುದು, ಇರಬೇಕಾದದ್ದು’ ಎಂದು ನಾಲ್ಕು ಅಂಕಣ ಮಾಡಿದರೆ ಡಿಟಿಪಿಯವರಿಗೂ ಹಿತ, ಎರಡನೆಯ ಕರಡಿನಲ್ಲಿ ತಾಳೆ ನೋಡುವ ನಿಮಗೂ ಹಿತ. ಎರಡನೆಯ ಕರಡಿನಲ್ಲಿ ತಿದ್ದಿದ ಜಾಗದ ಜೊತೆಗೆ ಅದರ ಮೇಲಿನ ಮತ್ತು ಕೆಳಗಿನ ಸಾಲನ್ನೂ ಓದಿ, ಹೊಸ ತಪ್ಪು ಹುಟ್ಟುವುದು ಅಲ್ಲೇ. ಮೂರನೆಯದರಲ್ಲಿ ಒಳಪಠ್ಯ ಓದುವುದೇ ಬೇಡ. ಅಧ್ಯಾಯಗಳ ಶೀರ್ಷಿಕೆ, ಪುಟದ ತಲೆಯ ಮೇಲಿನ ಹೆಸರು, ಪುಟಸಂಖ್ಯೆ, ಪರಿವಿಡಿ, ಮುಖಪುಟ, ಬೆನ್ನುಡಿ, ಪುಸ್ತಕದ ಬೆನ್ನಿನ ಮೇಲಿನ ಹೆಸರು ಇಷ್ಟನ್ನೇ ನೋಡಿ. ದಪ್ಪಕ್ಷರದಲ್ಲಿರುವುದನ್ನು ಯಾರೂ ಅನುಮಾನಿಸುವುದಿಲ್ಲ, ಹಾಗಾಗಿ ದೊಡ್ಡ ತಪ್ಪುಗಳು ಅಲ್ಲೇ ಉಳಿಯುತ್ತವೆ.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪುಸ್ತಕದ ವಿವರಗಳಿರುವ ಪುಟಕ್ಕೆ ಬೇರೆಯೇ ಅರ್ಧ ಗಂಟೆ ಇಡಿ. ಡಿಟಿಪಿ ಕೇಂದ್ರಗಳು ಹಳೆಯ ಪುಸ್ತಕದ ಈ ಪುಟವನ್ನು ನಕಲು ಮಾಡಿ ಹೆಸರು ಬದಲಿಸುತ್ತವೆ. ಹಿಂದಿನ ಪುಸ್ತಕದ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), ಹಿಂದಿನ ವರ್ಷ, ಹಿಂದಿನ ಮುಖಪುಟ ಕಲಾವಿದರ ಹೆಸರು ಹಾಗೇ ಉಳಿದುಬಿಡುತ್ತವೆ. ಐಎಸ್‌ಬಿಎನ್ ಭಾರತದಲ್ಲಿ ಉಚಿತ, ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುತ್ತದೆ. 13 ಅಂಕಿಗಳನ್ನು ಒಂದೊಂದಾಗಿ ಹೋಲಿಸಿ. ಕಾಗದದ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಮೊದಲ ಮುದ್ರಣದ ವರ್ಷ, ಒಟ್ಟು ಪುಟ, ಬೆಲೆ, ಬಳಸಿದ ಕಾಗದ, ಆಕಾರ ಇವು ಗ್ರಂಥಾಲಯ ಇಲಾಖೆಯ ಆಯ್ಕೆಗೂ ಪ್ರಶಸ್ತಿಗಳಿಗೂ ಪುಸ್ತಕ ಕಳಿಸುವಾಗ ಲೆಕ್ಕಕ್ಕೆ ಬರುತ್ತವೆ. ಡಿಸೆಂಬರಿನಲ್ಲಿ ಅಚ್ಚಿಗೆ ಹೋಗುವ ಪುಸ್ತಕದ ವರ್ಷ ಯಾವುದೆಂದು ಪ್ರಕಾಶಕರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ನಿಮ್ಮ ಹೆಸರು ಹಾಕುವುದಾದರೆ ಇದೇ ಪುಟದಲ್ಲಿ ‘ಪಠ್ಯ ಪರಿಷ್ಕರಣೆ’ ಎಂದಿರಲಿ.

ಮುನ್ನುಡಿಯದು ನಮ್ಮ ಸಾಹಿತ್ಯಲೋಕದ ವಿಶೇಷ ತೊಂದರೆ. ಹಿರಿಯರಿಗೆ ಕಳಿಸುವುದು ಸಾಮಾನ್ಯವಾಗಿ ತಿದ್ದದ ಹಸ್ತಪ್ರತಿಯನ್ನು. ಅವರು ಪ್ರೀತಿಯಿಂದ ಎಂಟು ಪುಟ ಬರೆದು, ಹತ್ತು ಸಾಲುಗಳನ್ನು ಉದ್ಧರಿಸಿರುತ್ತಾರೆ. ಅಷ್ಟರಲ್ಲಿ ಆ ಸಾಲುಗಳು ಬದಲಾಗಿರುತ್ತವೆ, ಒಂದು ಕತೆಯಂತೂ ಸಂಕಲನದಿಂದಲೇ ಹೊರಬಿದ್ದಿರುತ್ತದೆ. ಭಾಷಾ ತಿದ್ದುಪಡಿ ಮುಗಿದ ಪ್ರತಿಯನ್ನೇ ಕಳಿಸಿ, ಕನಿಷ್ಠ ಆರು ವಾರ ಕಾಲ ಕೊಡಿ, ಬಂದ ಮುನ್ನುಡಿಯ ಪ್ರತಿ ಉದ್ಧರಣೆಯನ್ನೂ ಅಂತಿಮ ಪಠ್ಯದ ಜೊತೆ ಹೋಲಿಸಿ. ಮುನ್ನುಡಿ ತಡವಾಗುತ್ತದೆ ಎಂದೇ ಅದಕ್ಕೆ ಮತ್ತು ಲೇಖಕರ ಮಾತಿಗೆ ರೋಮನ್ ಅಂಕಿಗಳ ಪ್ರತ್ಯೇಕ ಪುಟಸಂಖ್ಯೆ ಕೊಟ್ಟರೆ ಒಳಪುಟಗಳನ್ನು ಮತ್ತೆ ಎಣಿಸುವ ಕಷ್ಟ ತಪ್ಪುತ್ತದೆ.

ಕತೆ, ಕವನಕ್ಕಿಂತ ಹೊಟ್ಟೆಪಾಡಿಗೆ ಹೆಚ್ಚು ಒದಗುವುದು ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ, ಸಂಸ್ಥೆಗಳ ಇತಿಹಾಸ, ನಿವೃತ್ತರ ಆತ್ಮಕಥೆಯ ನಿರೂಪಣೆ. ಇವುಗಳ ಬಗ್ಗೆ ಹಗುರ ಮಾತು ಕೇಳಿಬರುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. ಒಂದು ಊರಿನ ಸಹಕಾರ ಸಂಘದ ಇತಿಹಾಸ ಇನ್ನೆಲ್ಲೂ ದಾಖಲಾಗಿರುವುದಿಲ್ಲ. ನಿರೂಪಣೆಯ ಕೆಲಸದಲ್ಲಿ ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ. ಇಸವಿಗಳನ್ನು ಮಾತಾಡಿದವರ ನೆನಪಿನ ಮೇಲೆ ಬಿಡದೆ ನಡಾವಳಿ ಪುಸ್ತಕ, ಪತ್ರ, ಅಂಕಪಟ್ಟಿಗಳಲ್ಲಿ ನೋಡಿ. ಫೋಟೋಗಳನ್ನು ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಕುಗ್ಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನಾಲ್ಕು ಇಂಚು ಅಗಲದ ಚಿತ್ರ ಚೆನ್ನಾಗಿ ಅಚ್ಚಾಗಲು 1,200 ಪಿಕ್ಸೆಲ್ ಅಗಲ ಬೇಕು.

ಸಂಭಾವನೆಯನ್ನು ಪುಟದ ಲೆಕ್ಕದಲ್ಲಿ ಹೇಳಬೇಡಿ. ಅಕ್ಷರದ ಗಾತ್ರ ಕಡಿಮೆಯಾದರೆ ಪುಟ ಕಡಿಮೆ, ಕೆಲಸ ಅಷ್ಟೇ. ಪದಕ್ಕೆ ಇಷ್ಟು ಎಂದು ಹೇಳಿ. ಭಾಷಾ ತಿದ್ದುಪಡಿಯಲ್ಲಿ ಗಂಟೆಗೆ ಐದು ಪುಟ, ಅಂದರೆ 1,100 ಪದ ಸಾಗುತ್ತದೆ, ಗಂಟೆಗೆ 300 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ: ಪದಕ್ಕೆ 27 ಪೈಸೆ, 44,000 ಪದಕ್ಕೆ ಸುಮಾರು 12,000 ರೂಪಾಯಿ. ಪರಿಷ್ಕರಣೆಯೂ ಸೇರಿದರೆ ವೇಗ ಗಂಟೆಗೆ ಮೂರು ಪುಟಕ್ಕೆ ಇಳಿಯುತ್ತದೆ, ಕರಡು ಮಾತ್ರವಾದರೆ ಹತ್ತಕ್ಕೆ ಏರುತ್ತದೆ. ನಿಮ್ಮ ವೇಗವನ್ನು ಆ ಪುಸ್ತಕದ್ದೇ ಹತ್ತು ಪುಟ ತಿದ್ದಿ ಅಳೆದುಕೊಳ್ಳಿ, ಮೊದಲ ಹತ್ತು ಬೇಡ, ನಡುವಿನಿಂದ ಆರಿಸಿ. ಎಲ್ಲರೂ ಮೊದಲ ಅಧ್ಯಾಯವನ್ನು ಚೆನ್ನಾಗಿ ತಿದ್ದಿಕೊಂಡೇ ಕಳಿಸುತ್ತಾರೆ. ಮೂರನೇ ಒಂದು ಭಾಗ ಮುಂಗಡ, ಇನ್ನೊಂದು ಭಾಗ ತಿದ್ದಿದ ಫೈಲು ಕೊಟ್ಟಾಗ, ಉಳಿದದ್ದು ಕೊನೆಯ ಕರಡಿಗೆ. ಎಷ್ಟು ಸುತ್ತು ಕರಡು, ಲೇಖಕರು ಹೊಸ ಅಧ್ಯಾಯ ಸೇರಿಸಿದರೆ ಏನು, ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ಕೊನೆ ಎಂಬುದನ್ನು ಒಂದು ಇಮೇಲಿನಲ್ಲಿ ಬರೆದು ‘ಒಪ್ಪಿಗೆ’ ಎಂಬ ಉತ್ತರ ಪಡೆದರೆ ಸಾಕು. ಕೊನೆಯ ಮಾತು ಲೇಖಕರದ್ದೇ ಆಗಿರಬೇಕು ಎಂಬುದು ನನ್ನ ನಿಲುವು. ಸಂಸ್ಥೆಗಳು ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದರೆ ಅದು ನಿಮ್ಮ ಆದಾಯ ತೆರಿಗೆ ಖಾತೆಯಲ್ಲಿ ಬಂದಿದೆಯೇ ನೋಡಿಕೊಳ್ಳಿ.

ಬರೆದುಕೊಡುವ ಕೆಲಸವಾದರೆ ಹಕ್ಕಿನ ಮಾತು ಬೇರೆ. ಕೃತಿಸ್ವಾಮ್ಯ ಕಾಯಿದೆ 1957ರ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಅಧ್ಯಾಯದ ತಲೆಯ ಮೇಲೆ ಕವಿತೆಯ ಸಾಲು ಹಾಕುವಾಗಲೂ ಇದೇ ಕಾಯಿದೆ ಎದುರಾಗುತ್ತದೆ. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ರಕ್ಷಣೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಅಂಥ ಕೃತಿಗಳು 2024ರಿಂದ ಮುಕ್ತ. 1981ರಲ್ಲಿ ತೀರಿಕೊಂಡ ಬೇಂದ್ರೆಯವರವು 2041ರ ಕೊನೆಯವರೆಗೆ ಹಕ್ಕುದಾರರ ಕೈಯಲ್ಲಿವೆ. ಅನುಮತಿ ಪತ್ರಕ್ಕೆ ಮೊದಲೇ ಬರೆಯಬೇಕು, ಕೊನೆಯ ಕರಡಿನಲ್ಲಿ ಆ ಸಾಲು ಕಿತ್ತರೆ ಪುಟ ಮತ್ತೆ ಜಾರುತ್ತದೆ.

ಸಣ್ಣ ಊರಿನ ಸಾಹಿತ್ಯ ಬಳಗದಲ್ಲಿ ಲೇಖಕರು, ವಿಮರ್ಶಕರು, ತೀರ್ಪುಗಾರರು, ಪ್ರಕಾಶಕರು ಎಲ್ಲ ಒಂದೇ ಇಪ್ಪತ್ತು ಜನ. ತಿದ್ದಿದ ಪುಸ್ತಕವನ್ನು ಪತ್ರಿಕೆಗೆ ವಿಮರ್ಶಿಸಬಾರದು, ಅದು ಸ್ಪರ್ಧೆಗೆ ಬಂದರೆ ತೀರ್ಪಿನಿಂದ ಹೊರಗುಳಿಯಬೇಕು, ಹಸ್ತಪ್ರತಿಯಲ್ಲಿ ಏನಿತ್ತು ಎಂದು ಚಹಾದ ಅಂಗಡಿಯಲ್ಲಿ ಹೇಳಬಾರದು. ‘ಸ್ವಲ್ಪ ನೋಡಿಕೊಡಿ’ ಎಂದು ಗೆಳೆತನದಲ್ಲಿ ಬರುವ ಹಸ್ತಪ್ರತಿಗೆ ನಾನು ಸೂಚಿಸುವುದು ಹೀಗೆ: ಹತ್ತು ಪುಟ ಉಚಿತವಾಗಿ, ಪೂರ್ತಿ ಶ್ರದ್ಧೆಯಿಂದ ತಿದ್ದಿಕೊಡಿ, ಶೈಲಿ ಪಟ್ಟಿಯನ್ನೂ ಕೊಡಿ. ಉಳಿದದ್ದನ್ನು ಅದೇ ಮಾದರಿಯಲ್ಲಿ ಅವರೇ ತಿದ್ದಿಕೊಳ್ಳಬಹುದು, ಇಲ್ಲವೇ ಸಂಭಾವನೆ ಕೊಟ್ಟು ಮಾಡಿಸಬಹುದು. ಮೊದಲ ಪುಸ್ತಕ ಮಾಡುವ ಎಳೆಯರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಸಹಾಯಧನದ ವಿಷಯ ತಿಳಿಸಿ, ಅದರ ಅರ್ಜಿಗೆ ಶುದ್ಧವಾದ ಹಸ್ತಪ್ರತಿ ಬೇಕಾಗುತ್ತದೆ.

ಪುಸ್ತಕ ಅಚ್ಚಾದ ಮೇಲೆ ಲೇಖಕರಿಗೆ ಒಂದು ಫೋಲ್ಡರ್ ಮಾಡಿಕೊಡಿ: ಅಂತಿಮ ಯೂನಿಕೋಡ್ ಪಠ್ಯ, ಪುಟವಿನ್ಯಾಸದ ಮೂಲ ಫೈಲು, ಬಳಸಿದ ಫಾಂಟುಗಳು, ಮುಖಪುಟ, ಮುದ್ರಣಕ್ಕೆ ಹೋದ ಪಿಡಿಎಫ್, ಶೈಲಿ ಪಟ್ಟಿ. ಅಚ್ಚಾದ ಪುಸ್ತಕದಿಂದ ಪಠ್ಯವನ್ನು ಮತ್ತೆ ಎತ್ತಲು ಹೋದರೆ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ತಂತ್ರಾಂಶ ಮ, ವು, ಪು ಅಕ್ಷರಗಳಲ್ಲಿ ಎಡವುತ್ತದೆ, ಎಲ್ಲವನ್ನೂ ಮೊದಲಿನಿಂದ ಓದಬೇಕಾಗುತ್ತದೆ. ಕೊನೆಯ ಕ್ಷಣದ ತಿದ್ದುಪಡಿಗಳು ಪಿಡಿಎಫಿನಲ್ಲಿ ಮಾತ್ರ ಆಗಿದ್ದರೆ ಅವನ್ನು ಯೂನಿಕೋಡ್ ಪಠ್ಯಕ್ಕೂ ಅದೇ ವಾರ ಸೇರಿಸಿ. ಒಂದು ಅಚ್ಚಾದ ಪ್ರತಿಯ ಮೇಲೆ ‘ತಿದ್ದುಪಡಿ ಪ್ರತಿ’ ಎಂದು ಬರೆದು ಪ್ರಕಾಶಕರ ಬಳಿ ಇಡಿಸಿ, ಓದುಗರು ಹೇಳಿದ ತಪ್ಪುಗಳನ್ನು ಎರಡನೆಯ ಮುದ್ರಣಕ್ಕಾಗಿ ಅದರಲ್ಲೇ ಗುರುತು ಹಾಕುತ್ತ ಹೋಗಲಿ.